ಟ್ವಿನ್ ಲ್ಯಾಂಟರ್ನ್ ಗಾಯಕಿಯ ಮುಖ

"ಒಟಾಲಿ ಗೇನ್ಸ್ ಮೇಡಂ ಇದ್ದಾರಾ? ನೀವು ಅವರನ್ನ ನೋಡ್ಕೊಳ್ಳೋರು ಅನ್ಸುತ್ತೆ," ಎಂದ ಬಾಗಿಲಲ್ಲಿ ನಿಂತಿದ್ದ ಬ್ರೆಂಟ್ ಕೀಲರ್.

ಒಟಾಲಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೆಳಗ್ಗೆ ಎಂಟಕ್ಕೇ ಸಲೂನಿಗೆ ಹೋಗಿ ತಲೆ ಬಾಚಿಸಿಕೊಂಡು, ಚರ್ಚಿಗೆ ಹಾಕುವ ಟೋಪಿ ಏರಿಸಿಕೊಂಡು ಕೂತಿದ್ದು ಈ ಮಹಾರಾಯನಿಗಾಗಿ! ಅಮೆರಿಕದ ದಕ್ಷಿಣ ಭಾಗದ ಮೇಕನ್ ಊರಿನ ಟ್ವಿನ್ ಲ್ಯಾಂಟರ್ನ್ ಎಂಬ ಪುಟ್ಟ ರೆಕಾರ್ಡ್ ಕಂಪನಿಯ ಅರವತ್ತು ವರ್ಷದ ಚರಿತ್ರೆ ಬರೆದಿದ್ದೇನೆ, ನಿಮ್ಮ ಮೇಲೆ ಇಡೀ ಒಂದು ಅಧ್ಯಾಯವಿದೆ ಎಂದು ಅವನು ಫೋನ್ ಮಾಡಿದಂದಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಇಪ್ಪತ್ತರ ಹರೆಯದ ತನ್ನ ಫೋಟೋ ಹುಡುಕಿ, ಒರೆಸಿ, ಮೇಜಿನ ಮೇಲಿಟ್ಟಿದ್ದಳು. ಈ ಸಲವಾದರೂ ತನ್ನ ಮುಖ ನಾಲ್ಕು ಜನಕ್ಕೆ ಕಾಣಲಿ ಎಂಬ ಆಸೆ, ಇನ್ನೇನಿಲ್ಲ.

"ನೋಡ್ಕೊಳ್ತಾನೇ ಇದೀನಪ್ಪಾ, ಎಂಬತ್ತೊಂದು ವರ್ಷದಿಂದ. ಬಾ ಒಳಗೆ."

ಮಾತು ಅವನ ಕಿವಿಗೆ ಬಿದ್ದಂತಿರಲಿಲ್ಲ. ಕೂತ, ತಣ್ಣನೆಯ ಸಿಹಿ ಟೀ ಹೀರಿದ, ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಹೊರತೆಗೆದ. "ಮೇಡಂ ಬರೋವರೆಗೆ ನೀವೇ ನೋಡ್ತಾ ಇರಿ. ನಾಲ್ಕು ವರ್ಷದ ಸಂಶೋಧನೆ. ಒಂದೇ ಒಂದು ತಪ್ಪು ಹುಡುಕಿ ನೋಡೋಣ!"

ನಲವತ್ತನೆಯ ಪುಟದಲ್ಲಿ, ದೋಣಿಯಲ್ಲಿ ಕೂತು ಹೊಂಗೂದಲಿನ ಬಿಳಿ ಹುಡುಗಿಯೊಬ್ಬಳು ನಗುತ್ತಿದ್ದಳು. ಕೆಳಗೆ ಬರೆದಿತ್ತು: 'ಒಟಾಲಿ ಗೇನ್ಸ್, 1962. ನಾಚಿಕೆಯ ಸ್ವಭಾವದ ಈಕೆ ಎಂದೂ ವೇದಿಕೆ ಏರಲಿಲ್ಲ.'

ಒಟಾಲಿ ನೋಡಿದ ಕೂಡಲೇ ಗುರುತಿಸಿದಳು: ತಾನು ಹಾಡಿದ ರೆಕಾರ್ಡಿನ ಕವರಿಗೆ ಕಂಪನಿ ಅಂಟಿಸಿದ್ದ ಚಿತ್ರ ಅದು. ಕವರಿನ ಮೇಲೆ ಕರಿಯ ಮುಖವಿದ್ದರೆ ದಕ್ಷಿಣದ ಅಂಗಡಿಯವರು ರೆಕಾರ್ಡ್ ಮುಟ್ಟುವುದಿಲ್ಲ ಎಂದು ಕಂಪನಿಯ ಧಣಿ ಅಂದು ಕಡ್ಡಿ ಮುರಿದಂತೆ ಹೇಳಿದ್ದ. ವೇದಿಕೆಗೂ ಬಿಡಲಿಲ್ಲ, ಕೇಳಿದವರು ನೋಡಿಬಿಟ್ಟರೆ ಗತಿ? ತಾನು ಇಷ್ಟೊಂದು ನಾಚಿಕೆಯವಳೆಂದು ಅವಳಿಗೇ ಗೊತ್ತಾದದ್ದು ಇವತ್ತು.

"ಈ ಹುಡುಗಿ ಯಾರು ಗೊತ್ತೇನಯ್ಯಾ? ಹಲ್ಲಿನ ಡಾಕ್ಟರ ಹತ್ರ ಕೆಲಸಕ್ಕಿದ್ದೋಳು. ಕವರಿಗೆ ಅಂತ ಅರ್ಧ ದಿನ ಕರ್ಕೊಂಡು ಬಂದಿದ್ರು. ಒಂದಕ್ಷರ ಹಾಡಿಲ್ಲ ಪುಣ್ಯಾತ್‌ಗಿತ್ತಿ." ತನ್ನ ಫೋಟೋವನ್ನು ಅವನತ್ತ ತಳ್ಳಿದಳು. "ಹಾಡಿದ್ದು ನಾನು. ಒಟಾಲಿ ನಾನೇ ಕಣೋ."

ಬ್ರೆಂಟನ ಮುಖ ಇಂಗು ತಿಂದ ಮಂಗನಂತಾಯಿತು. "ಅಯ್ಯೋ ದೇವ್ರೇ... ಕ್ಷಮಿಸಿ ಮೇಡಂ. ಕಂಪನಿ ಆಫೀಸಲ್ಲಿ ಇದ್ದಿದ್ದು ಇದೊಂದೇ ಚಿತ್ರ."

"ಈಗ ಎರಡಾಯ್ತಲ್ಲ. ಬದಲಾಯಿಸು."

"ಐದು ಸಾವಿರ ಪ್ರತಿ ಅಚ್ಚಾಗಿ ಹೋಗಿದೆ. ತಿದ್ದುಪಡಿ ಚೀಟಿ ಅಂಟಿಸ್ತೀವಿ, ಖಂಡಿತ!"

"ಅದರಲ್ಲಿ ನನ್ನ ಫೋಟೋ ಇರುತ್ತಾ?"

"ಚೀಟಿ ಚಿಕ್ಕದು ಮೇಡಂ. 'ಈ ಚಿತ್ರ ಗಾಯಕಿಯದಲ್ಲ' ಅನ್ನೋಷ್ಟಕ್ಕೆ ಜಾಗ ಮುಗಿದುಹೋಗುತ್ತೆ."

ಅರವತ್ತು ವರ್ಷದಲ್ಲಿ ಕಂಪನಿ ಇಷ್ಟಾದರೂ ಮುಂದುವರಿದಿತ್ತಲ್ಲ! ಒಟಾಲಿಗೆ ಅಳು ಬರುವ ಬದಲು ನಗು ಬಂತು.

ಹೊರಡುವ ಮುಂಚೆ ಬ್ರೆಂಟ್ ಮೊಬೈಲ್ ತೆಗೆದು ಹಲ್ಲುಗಿಂಜಿದ. "ಪುಸ್ತಕ ಹಿಡ್ಕೊಂಡು ಒಂದು ಫೋಟೋ ಕೊಡ್ತೀರಾ? ಬಿಡುಗಡೆ ಜಾಹೀರಾತಿಗೆ. ಕಂಪನಿಯವರಿಗೆ ತುಂಬಾ ಖುಷಿಯಾಗುತ್ತೆ."

"ಆಗ್ಲಿ, ಆಗ್ಲಿ. ಅವರ ಖುಷಿಗೆ ನಾನ್ಯಾಕೆ ಅಡ್ಡ ಬರ್ಲಿ?"

ಅವಳು ನೆಟ್ಟಗೆ ಕೂತು, ನಲವತ್ತನೆಯ ಪುಟ ತೆರೆದು, ಪುಸ್ತಕವನ್ನು ಮುಖದ ಮುಂದೆ ಎತ್ತಿ ಹಿಡಿದಳು. ಸುಕ್ಕುಗಟ್ಟಿದ ಎರಡು ಕರಿಯ ಕೈಗಳ ನಡುವೆ ಬಿಳಿ ಹುಡುಗಿ ನಕ್ಕಳು.

"ಹೂಂ, ತೆಗಿ," ಎಂದಿತು ಪುಸ್ತಕದ ಹಿಂದಿನ ದನಿ. "ನಿಮ್ಮವರಿಗೆ ನನ್ನ ಗುರುತು ಸಿಗಬೇಕಲ್ಲ."