ಪ್ರಸ್ತಾವದ ಮೊದಲ ಸಾಲು

"ಈ ಸಾಲು ಹೊಡೆದುಹಾಕಮ್ಮ. 'ಕೆಲಸಗಾರರ ಉದಾಸೀನದಿಂದ ಪ್ಯಾಕಿಂಗ್ ತಡವಾಗುತ್ತಿದೆ' ಅಂತ ಬರಿ. ಸಹಿ ಹಾಕ್ತೀನಿ," ಎಂದು ಕಾರ್ಖಾನೆಯ ಮ್ಯಾನೇಜರರು ಅನುಮತಿ ಪತ್ರವನ್ನು ಅಂಗೈಯಿಂದ ಮುಚ್ಚಿದರು. ಅದು ಸಂಜೆಯೊಳಗೆ ಕಾಲೇಜು ತಲುಪದಿದ್ದರೆ ವಿದ್ಯಾರ್ಥಿನಿಯ ಸಂಶೋಧನಾ ಪ್ರಸ್ತಾವ ಬಿದ್ದುಹೋಗುತ್ತಿತ್ತು, ಜೊತೆಗೆ ಒಂದು ವರ್ಷವೂ. ಪ್ರಸ್ತಾವದ ಮೊದಲ ಸಾಲಿನಲ್ಲಿ ಅವಳು ಬರೆದಿದ್ದುದು ಬರೀ ಒಂದು ಪ್ರಶ್ನೆ: ಪ್ಯಾಕಿಂಗ್ ಎಲ್ಲಿ ನಿಲ್ಲುತ್ತದೆ, ಯಾಕೆ?

"ಉತ್ತರ ಮೊದಲೇ ಬರೆದುಬಿಟ್ರೆ ನಾನು ಹುಡುಕೋದೇನನ್ನ, ಸರ್?"

"ಹುಡುಕೋಕೇನಿದೆ? ಹದಿನೆಂಟು ವರ್ಷದಿಂದ ಇವರನ್ನ ನೋಡ್ತಿದೀನಿ. ಮೂರು ದಿನ ನೋಡಿ ನನಗೇ ಪಾಠ ಹೇಳ್ಬೇಡ."

ಅಷ್ಟರಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ತಪಾಸಣೆಯ ಚೀಟಿ ಹಿಡಿದು ಬಾಗಿಲಿಗೆ ಬಂದಳು. ಅದಕ್ಕೆ ಮ್ಯಾನೇಜರರ ಸಹಿ ಬೀಳದೆ ಒಂದು ಪೆಟ್ಟಿಗೆಯೂ ಮುಂದೆ ಹೋಗುವಂತಿರಲಿಲ್ಲ. ಅವರು ಅವಳತ್ತ ನೋಡದೆಯೇ 'ತಡಿ' ಎಂಬಂತೆ ಕೈಯೆತ್ತಿ, ಉದಾಸೀನದ ಬಗ್ಗೆ ಮಾತು ಮುಂದುವರಿಸಿದರು. ಮೂರು ದಿನದಿಂದ ಪ್ಯಾಕಿಂಗ್ ನಿಂತಾಗಲೆಲ್ಲ ಸಮಯ ಅಳೆದ ಅಭ್ಯಾಸಬಲದಿಂದ ವಿದ್ಯಾರ್ಥಿನಿಯ ಹೆಬ್ಬೆರಳು ಕೈಯಲ್ಲಿದ್ದ ಸ್ಟಾಪ್‌ವಾಚನ್ನು ಒತ್ತಿತು. ಗಾಜಿನ ಗೋಡೆಯಾಚೆ ಯಂತ್ರಗಳು ಒಂದೊಂದಾಗಿ ಸುಮ್ಮನಾದವು.

"ನೋಡು, ಹೇಗೆ ಕೈಕಟ್ಟಿ ನಿಂತಿದಾರೆ," ಎಂದರು ಮ್ಯಾನೇಜರರು.

ವಿದ್ಯಾರ್ಥಿನಿ ಸ್ಟಾಪ್‌ವಾಚನ್ನು ಅವರ ಮುಂದಿಟ್ಟಳು. "ಆ ಅಕ್ಕ ಬಂದು ಬಾಗಿಲಲ್ಲಿ ನಿಂತಾಗಿಂದ ಓಡ್ತಿದೆ, ಸರ್."

ಆರು ನಿಮಿಷ ದಾಟಿತ್ತು. ಮ್ಯಾನೇಜರರು ಅದನ್ನು ನೋಡಿ, ಚೀಟಿಗೆ ಕೈ ಚಾಚಿ ಸಹಿ ಹಾಕಿದರು, ಅದೇ ಉಸಿರಿನಲ್ಲಿ ಪತ್ರಕ್ಕೂ.

"ನಾಳೆ ಪ್ಯಾಕಿಂಗ್ ಕಡೆ ಹೋಗ್ಬೇಡ," ಎಂದರು ತಲೆಯೆತ್ತದೆ. "ಇಲ್ಲೇ ನನ್ನೆದುರು ಕೂತು ಟೈಮ್ ಲೆಕ್ಕ ಹಾಕು."