ಡ್ಯೂಟಿ ಫೋನು

"ನಿಮಗೆ ತುಂಬಾ ಭಾರ ಅನ್ನಿಸ್ತಿರೋದನ್ನ ಕೆಳಗಿಟ್ಟುಬಿಡಿ. ಆಮೇಲೆ ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರು ತಗೊಳ್ಳಿ" ಎಂದಳು, ದಣಿದ ನರ್ಸುಗಳಿಗೆ ನೆಮ್ಮದಿಯ ಪಾಠ ಹೇಳಲು ಬಂದಾಕೆ. ಎಲ್ಲರೂ ಕೈಚೀಲ ಕೆಳಗಿಟ್ಟರು. ವಾರ್ಡಿಗೆಲ್ಲ ದೊಡ್ಡಕ್ಕ ಎನಿಸಿಕೊಂಡಿದ್ದ ಹಿರಿಯ ನರ್ಸ್ ಮಾತ್ರ ಎದ್ದು ಹೋಗಿ, ಮುಂದಿನ ಸಾಲಿನ ಸೋಫಾದಲ್ಲಿ ಕೂತಿದ್ದ ಆಸ್ಪತ್ರೆಯ ಆಡಳಿತಾಧಿಕಾರಿಯ ತೊಡೆಯ ಮೇಲೆ ಡ್ಯೂಟಿ ಫೋನನ್ನಿಟ್ಟು, ತನ್ನ ಜಾಗಕ್ಕೆ ಬಂದು ಕಣ್ಣು ಮುಚ್ಚಿದಳು.

ತಮಾಷೆಯೆಂದು ಅವನು ಹಲ್ಲುಕಿರಿದ. ಪಾಳಿಗೆ ಯಾರಾದರೂ ತಪ್ಪಿಸಿಕೊಂಡರೆ ಬಡಿದುಕೊಳ್ಳುತ್ತಿದ್ದುದು ಆ ಫೋನೇ, ಬದಲಿಯವರನ್ನು ಹುಡುಕಬೇಕಾದವಳು ಅವಳೇ. ರಜೆಯ ದಿನವೂ ಅದು ಅವಳು ಮಡಿಲಲ್ಲಿ ಕಟ್ಟಿಕೊಂಡ ಕೆಂಡ. ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ರಜೆ ಕೇಳಿದಾಗ ಇವನು ತಲೆಯೆತ್ತದೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಿಸ್ಟರ್" ಎಂದಿದ್ದ. ಪಟ್ಟಿ ಬಿಚ್ಚಿದಾಗ ಅಮ್ಮನಿಗೆ ಮೊದಲು ಕಂಡದ್ದು ಪಕ್ಕದ ಮನೆಯವಳ ಮುಖ. ಈ ನೆಮ್ಮದಿಯ ಶಿಬಿರವನ್ನೂ ಪುಣ್ಯಾತ್ಮ ಅವಳ ವಾರದ ರಜೆಯ ದಿನವೇ ಇಟ್ಟಿದ್ದ.

ಫೋನು ಬಡಿದುಕೊಂಡಿತು. ಅಷ್ಟೂ ನರ್ಸುಗಳು ಬೆಚ್ಚಿ ಕಣ್ಣು ಬಿಟ್ಟರು, ಅವಳು ಬಿಡಲಿಲ್ಲ. ಗಾಬರಿಯಲ್ಲಿ ಅವನು ಏನನ್ನು ಒತ್ತಿದನೋ, ವಾರ್ಡಿನ ದನಿ ಸಭೆಗೆಲ್ಲ ಕೇಳಿಸಿತು. "ದೊಡ್ಡಕ್ಕಾ, ಮಧ್ಯಾಹ್ನದ ಪಾಳಿಗೆ ಒಬ್ರೂ ಇಲ್ಲ. ಏನಾದ್ರೂ ಮಾಡಿ!"

"ಸಿಸ್ಟರ್, ಇದಕ್ಕೆ ನಾನೇನ್ ಮಾಡ್ಲಿ?" ಅವನ ಹಣೆ ಬೆವರಿತ್ತು.

ಈ ಒಂದು ಪ್ರಶ್ನೆಗಾಗಿ ಅವಳು ಎಷ್ಟು ಕಾಲದಿಂದ ಹೊಂಚು ಹಾಕಿದ್ದಳೋ! "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸರ್" ಎಂದವಳು, ಹೇಳಿಕೊಟ್ಟ ಹಾಗೆಯೇ, ಒಳಗೆ ಎಳೆದುಕೊಂಡಿದ್ದ ಉಸಿರನ್ನು ಮೆಲ್ಲಗೆ ಹೊರಬಿಟ್ಟಳು.