ಹನ್ನೊಂದು ಅಮಟೆ ಮರ

ಹೊನ್ನಿಯ ಗದ್ದೆಯ ನಟ್ಟನಡುವೆ ನಿಂತು ರೇಂಜರ್ ಕಲ್ಲಯ್ಯನವರು, "ಗದ್ದಿ ಎಲ್ಲೈತವ್ವಾ?" ಎಂದು ಕೇಳಿದರು. ತಪ್ಪು ಅವರದಲ್ಲ. ಭತ್ತ ಇರಬೇಕಾದಲ್ಲಿ ಮತ್ತಿ, ಕೌಲು ಮರಗಳು ಬೆಳೆದು ನಿಂತಿದ್ದವು. ಲಂಟಾನದ ಮುಳ್ಳು ಸಾಹೇಬರ ಖಾಕಿಯನ್ನು ಎರಡೂ ಕಡೆಯಿಂದ ಹಿಡಿದು, ಬಿಡದೆ ಉಪಚಾರ ಮಾಡುತ್ತಿತ್ತು.

"ನೀವು ನಿಂತಿದ್ದೇ ಗದ್ದೆ ಸಾಯೇಬ್ರೆ. ನನ್ನ ಗಂಡ ಉಳ್ತಿದ್ದ" ಎಂದಳು ಹೊನ್ನಿ, ಸೊಂಟದ ಮೇಲಿನ ಬುಟ್ಟಿಯನ್ನು ಸರಿಮಾಡಿಕೊಳ್ಳುತ್ತ. ಚಳಿಜ್ವರಕ್ಕೆ ಕೇರಿಗೆ ಕೇರಿಯೇ ಖಾಲಿಯಾದ ವರ್ಷ ಗಂಡನೂ ಹೋದ. ಅವಳು ಸಿದ್ದಾಪುರದ ಆಚೆ ಅಣ್ಣನ ಮನೆ ಸೇರಿದಳು. ಈಗ ಸರಕಾರದವರು ಊರೂರಿಗೆ ಡಿಡಿಟಿ ಹೊಡೆದು ಸೊಳ್ಳೆಗಳನ್ನು ಓಡಿಸಿದ್ದರು. ಸೊಳ್ಳೆ ಬಿಟ್ಟುಕೊಟ್ಟ ಜಾಗವನ್ನು ಸರಕಾರವೂ ಬಿಟ್ಟುಕೊಡುತ್ತದೆಂದು ನಂಬಿ ಹೊನ್ನಿ ಅರ್ಜಿ ಹಾಕಿದ್ದಳು. ಅನ್ನ ಬಡಿಸುವಾಗ ಅತ್ತಿಗೆ ಸೌಟು ಕುಟ್ಟುವ ಸದ್ದು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಈ ಎರಡು ಎಕರೆ ಸಿಕ್ಕರೆ ತನ್ನ ಅನ್ನ ತಾನೇ ಬಡಿಸಿಕೊಳ್ಳಬಹುದು.

ಕಲ್ಲಯ್ಯನವರು ಕೆಟ್ಟವರಲ್ಲ, ಕಾನೂನು ಬಲ್ಲವರು. ಬೀಳು ಬಿದ್ದು ಹತ್ತು ವರ್ಷವಾಗಿರದಿದ್ದರೆ ಜಮೀನು ರೈತನದು, ಹತ್ತು ದಾಟಿದರೆ ಇಲಾಖೆಯದು ಎಂಬ ಹುಕುಂ ಅವರ ಕಿಸೆಯಲ್ಲೇ ಇತ್ತು. ಅದನ್ನು ಹೊನ್ನಿಗೆ ಹೇಳಬೇಕೆಂದು ಮಾತ್ರ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಹಳೆಯ ದಫ್ತರಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಹಾಗಾಗಿ ಕೇಳಿದರು, "ನೀ ಇದನ್ನ ಬಿಟ್ಟುಹೋಗಿ ಎಷ್ಟು ವರ್ಷ ಆತು?"

ಹೊನ್ನಿಗೆ ಸಿಟ್ಟೇ ಬಂತು. "ಬಿಟ್ಟುಹೋದವ್ರು ಯಾರು? ಒಂದು ವರ್ಷನೂ ತಪ್ಪಿಸ್ಲಿಲ್ಲ. ಬನ್ನಿ, ತೋರಿಸ್ತೀನಿ" ಎಂದು ಗದ್ದೆಯ ಬದುವಿಗೆ ಕರೆದೊಯ್ದಳು. ಅಲ್ಲಿ ಅಮಟೆ ಮರಗಳ ಒಂದು ಸಾಲು. ಮೊದಲನೆಯದು ತೊಡೆಯ ಗಾತ್ರ, ಆಮೇಲಿನದು ಅದಕ್ಕಿಂತ ಚಿಕ್ಕದು, ಕೊನೆಯದು ಕಿರುಬೆರಳಿನಷ್ಟು.

ಭೂಮಿ ಹುಣ್ಣಿಮೆಯ ದಿನ ಬಸುರಿ ಭೂಮಿತಾಯಿಗೆ ಬಯಕೆ ಊಟ ಹುಗಿಯುವುದು ಅವಳ ಜನರ ಪದ್ಧತಿ. ತೆನೆಯೇ ಇಲ್ಲದ ಗದ್ದೆಗೆ ಎಂಥ ಬಸುರು ಎಂದು ಅತ್ತಿಗೆ ನಗುತ್ತಿದ್ದರೂ, ಚಿತ್ತಾರ ಬರೆದ ಬುಟ್ಟಿ ಹೊತ್ತು ಹೊನ್ನಿ ಪ್ರತಿ ವರ್ಷ ಎಂಟು ಮೈಲಿ ನಡೆದು ಬಂದಿದ್ದಳು. ಬಸುರಿಗೆ ಹುಳಿ ಬೇಕಲ್ಲ, ಅದಕ್ಕೇ ಅನ್ನದ ಜೊತೆ ಒಂದು ಹಣ್ಣಾದ ಅಮಟೆಕಾಯಿಯನ್ನೂ ಹುಗಿಯುವಳು. ಮರುವರ್ಷ ಬಂದು ನೋಡಿದರೆ ಅಲ್ಲೊಂದು ಸಸಿ. ಕೀಳಲು ಕೈ ಬರುತ್ತಿರಲಿಲ್ಲ. ಎರಡು ಮಾರು ಸರಿದು ಹೊಸ ಕುಳಿ ತೋಡುತ್ತಿದ್ದಳು. ಇವತ್ತೂ ಭೂಮಿ ಹುಣ್ಣಿಮೆಯೇ.

"ಕೆರಿಯಪ್ಪಾ, ಎಣಸು" ಎಂದರು ಕಲ್ಲಯ್ಯನವರು.

"ಹನ್ನೊಂದು ಸಾಯೇಬ್ರೆ" ಎಂದ ಗಾರ್ಡ್ ಕೆರಿಯಪ್ಪ.

"ವರ್ಷಕ್ಕೊಂದು. ಖರೆ ಏನವ್ವಾ?"

"ಚೌಡಮ್ಮನಾಣೆ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

ಇಷ್ಟು ಅಚ್ಚುಕಟ್ಟಾದ ಸಾಕ್ಷಿ ಕಲ್ಲಯ್ಯನವರಿಗೆ ತಮ್ಮ ನೌಕರಿಯಲ್ಲೇ ಸಿಕ್ಕಿರಲಿಲ್ಲ. ನಿಂತಲ್ಲೇ ಬರೆದುಕೊಂಡರು. ಹೊನ್ನಿ ಹಿಗ್ಗಿನಿಂದ ಹೆಬ್ಬೆಟ್ಟು ಒತ್ತಿ, "ಎತ್ತು ಯಾವಾಗ ಹೊಡ್ಕೊಂಡು ಬರ್ಲಿ?" ಎಂದು ಕೇಳಿದಳು.

"ಎತ್ತು ಯಾಕವ್ವಾ? ಹತ್ತು ವರ್ಷ ದಾಟಿದ್ದು ಅಡವಿ. ನಾ ಎಂಟೋ ಒಂಬತ್ತೋ ಅಂತ ಬರಿಯಾವ ಇದ್ದೆ. ನೀನ ಹನ್ನೊಂದು ತೋರಿಸಿದಿ" ಎಂದರು ಕಲ್ಲಯ್ಯನವರು. ಅವರ ದನಿಯಲ್ಲಿ ನಿಜವಾಗಿಯೂ ಮರುಕವಿತ್ತು. ಮರುಕಕ್ಕೆ ಇಲಾಖೆಯ ಅಡ್ಡಿಯೇನಿಲ್ಲ.

ಹೊನ್ನಿ ಬದುವಿನ ಮೇಲೆ ಕೂತು ಮರಗಳನ್ನು ತಾನೇ ಇನ್ನೊಮ್ಮೆ ಎಣಿಸಿದಳು. ಎರಡೇ ವರ್ಷ ಸೋಮಾರಿಯಾಗಿ ಅಣ್ಣನ ಮನೆಯಲ್ಲಿ ಮಲಗಿದ್ದರೆ ಗದ್ದೆ ಉಳಿಯುತ್ತಿತ್ತು. ಹಾಳಾದ ಭಕ್ತಿ ಎಂದು ತನ್ನನ್ನೇ ಬೈದುಕೊಂಡಳು.

ಅಷ್ಟರಲ್ಲಿ ಕೆರಿಯಪ್ಪ ಬಣ್ಣದ ಡಬ್ಬಿ ತೆಗೆದು ಮರಗಳಿಗೆ ನಂಬರು ಹಾಕಲು ಶುರುಮಾಡಿದ್ದ. ಹನ್ನೊಂದನೆಯದರ ಮೈಮೇಲೆ ಅಂಕೆ ಹಿಡಿಸಲಿಲ್ಲ. ಪಕ್ಕದಲ್ಲೊಂದು ಗೂಟ ಹೊಡೆದು ಅದರ ಮೇಲೆ ಬರೆದ. ಆಮೇಲೆ ಅವನ ಕಣ್ಣು ಬುಟ್ಟಿಯಲ್ಲಿದ್ದ ಅಮಟೆಕಾಯಿಯ ಮೇಲೆ ಬಿತ್ತು. "ಇಲ್ಲೊಂದು ಬಾಕಿ ಅದೆ ಸಾಯೇಬ್ರೆ. ಹನ್ನೆರಡು ಅಂತ ಬರೀಲಾ?"

ಕಲ್ಲಯ್ಯನವರು ನಕ್ಕರು. ಹೊನ್ನಿ ಎದ್ದು ಬಂದು, ಬುಟ್ಟಿಯನ್ನು ಅವರ ಬೂಟಿನ ಮುಂದೆ ಇಟ್ಟಳು.

"ಹನ್ನೊಂದು ವರ್ಷ ಬಸುರಿಗೆ ಊಟ ಹೊತ್ತವಳು ನಾನು. ಹಡೆದ ಮೇಲೆ ಅಪ್ಪ ಅಂತ ನೀವು ಬಂದ್ರಿ. ಬುಟ್ಟಿ ಇಟ್ಕೊಳ್ಳಿ ಸಾಯೇಬ್ರೆ. ಇನ್ಮೇಲೆ ಬಾಣಂತನನೂ ನಿಮ್ದೇ."